ಬಟ್ಟೆ ಒಣಗಲು ತಡವಾಗುತ್ತಿದೆಯೇ? ಡ್ರೈಯರ್‌ನ ಹಿಂದೆ ಒಮ್ಮೆ ನೋಡಿ

ಜೂನ್‌ನಲ್ಲಿ ಒಗೆದ ಜೀನ್ಸ್ ಪ್ಯಾಂಟ್ ಜುಲೈಯಲ್ಲಿ ಒಣಗುತ್ತದೆ ಅಂತ ನಮ್ಮ ಸುಳ್ಯದ ಕಡೆ ತಮಾಷೆ ಮಾಡುವುದುಂಟು. ಅರ್ಧ ತಮಾಷೆ, ಅರ್ಧ ನಿಜ. ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆಟಿ ತಿಂಗಳು ಬಂತೆಂದರೆ ಜಗಲಿ, ಚಾವಡಿ, ಕುರ್ಚಿಯ ಬೆನ್ನು, ಕಿಟಕಿಯ ಸರಳು, ಎಲ್ಲಿ ನೋಡಿದರೂ ಬಟ್ಟೆ. ಇಷ್ಟಾಗಿಯೂ ಹಾಕಿಕೊಳ್ಳುವಾಗ ಅದೇ ಮುಗ್ಗಲು ವಾಸನೆ.

ಕಳೆದ ವರ್ಷ ಅಕ್ಕ ಬಾಣಂತನಕ್ಕೆ ಮನೆಗೆ ಬಂದದ್ದು ಸರಿಯಾಗಿ ಜೂನ್‌ನಲ್ಲಿ. ಮಗುವಿನ ಬಟ್ಟೆ ಎಂದರೆ ಲೆಕ್ಕ ಇಟ್ಟವರಿಲ್ಲ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ತುಂಡು, ಅದರ ಮೇಲೆ ಬೈರಾಸು, ಹಾಸುವ ಬಟ್ಟೆ, ಅಕ್ಕನ ಬಟ್ಟೆ. ಅಜ್ಜಿ ಹಳೆಯ ಕ್ರಮವನ್ನೇ ಹಿಡಿದಿದ್ದರು. ಬಚ್ಚಲಿನ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಹರಡುವುದು, ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಹಾಕಿ ಮಗುವಿನ ಬಟ್ಟೆ ಬೆಚ್ಚಗೆ ಮಾಡುವುದು. ನಾನು ಬೆಂಗಳೂರಿನ ಕಂಪೆನಿಗೆ ಮನೆಯಿಂದಲೇ ಕೆಲಸ ಮಾಡುವವನು. ಮೀಟಿಂಗ್ ನಡುವೆ ಹೊಗೆಗೆ ಕೆಮ್ಮಿ ಕೆಮ್ಮಿ ಸಾಕಾಗಿ ಒಂದು ಡ್ರೈಯರ್ ತಂದೇ ಬಿಟ್ಟೆ.

ಹಿಂದಿನ ಕೆಂಪುಕಲ್ಲಿನ ಗೋಡೆಗೆ ಮೇಸ್ತ್ರಿಯ ಹತ್ತಿರ ನಾಲ್ಕು ಇಂಚಿನ ತೂತು ತೆಗೆಸಿದೆ. ಮೆಷಿನ್‌ನ ಬೆನ್ನಿನಿಂದ ಒಂದು ಪೈಪ್, ಅದರ ಬಾಯಿ ಹೊರಗೆ ತೋಟದ ಕಡೆಗೆ. ಹಲ್ಲಿ, ಜರಿಹುಳ, ಸೊಳ್ಳೆ ಒಳಗೆ ಬರಬಾರದೆಂದು ಆ ಬಾಯಿಗೆ ಸೊಳ್ಳೆ ಪರದೆಯ ತುಂಡನ್ನು ಬಿಗಿಯಾಗಿ ಕಟ್ಟಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ಮೊದಲ ವಾರ ಮನೆಯಲ್ಲಿ ಹಬ್ಬ. ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಬಟ್ಟೆ ಗರಿಗರಿ. ಅಜ್ಜಿ ಸಹ ಮುಟ್ಟಿ ನೋಡಿ, "ಅಡ್ಡಿ ಇಲ್ಲ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟ್.

ಸುಟ್ಟ ವಾಸನೆ

ಮೂರನೇ ವಾರದಲ್ಲಿ ಅದೇ ಬಟ್ಟೆಗೆ ಒಂದೂಮುಕ್ಕಾಲು ಗಂಟೆ ಬೇಕಾಯಿತು. ವೋಲ್ಟೇಜ್ ಕಮ್ಮಿ ಇರಬೇಕು ಅಂದುಕೊಂಡೆ. ಐದನೇ ವಾರಕ್ಕೆ ಎರಡೂಕಾಲು ಗಂಟೆ. ಮಳೆ ಜೋರುಂಟು, ಗಾಳಿಯಲ್ಲೇ ತೇವ ಹೆಚ್ಚು ಅಂತ ಸಮಾಧಾನ ಮಾಡಿಕೊಂಡೆ. ಆ ಕೋಣೆಯ ಕಿಟಕಿ ಗಾಜು ಬೆವರುತ್ತಿತ್ತು, ಗೋಡೆಯ ಮೂಲೆಯಲ್ಲಿ ಬೂಸ್ಟು ಶುರುವಾಗಿತ್ತು. ಅದಕ್ಕೂ ಮಳೆಯೇ ಕಾರಣ ಅಂದುಕೊಂಡೆ. ನಮ್ಮೂರಲ್ಲಿ ಆಟಿಯಲ್ಲಿ ಯಾವುದಕ್ಕೆ ಬೇಕಾದರೂ ಮಳೆಯನ್ನು ದೂರಬಹುದು, ಯಾರೂ ಇಲ್ಲ ಎನ್ನುವುದಿಲ್ಲ.

ಒಂದು ಸಂಜೆ ಅಕ್ಕ ಒಳಗಿಂದ ಕೂಗಿದಳು. "ಏ, ಎಂತ ವಾಸನೆ ಅದು? ಬಟ್ಟೆ ಸುಟ್ಟ ಹಾಗೆ ಉಂಟಲ್ಲ!"

ಓಡಿ ಹೋಗಿ ನೋಡಿದರೆ ಮೆಷಿನ್ ತನ್ನಷ್ಟಕ್ಕೆ ನಿಂತಿದೆ. ಮೇಲೆ ಕೈ ಇಟ್ಟರೆ ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗೆ. ಅದರ ಆಚೆ ಬದಿಯ ಕೋಣೆಯಲ್ಲಿ, ಅದೇ ಗೋಡೆಗೆ ತಾಗಿ, ಮಗುವಿನ ತೊಟ್ಟಿಲು. ಅದು ನೆನಪಾದಾಗ ನನ್ನ ಕೈಕಾಲು ತಣ್ಣಗಾಯಿತು. ಪ್ಲಗ್ ಕಿತ್ತು, ಮಗುವನ್ನು ಚಾವಡಿಗೆ ಕಳಿಸಿ, ಬಟ್ಟೆ ಹೊರಗೆ ಹಾಕಿದೆ. ಬೆಂಕಿ ಬಿದ್ದಿರಲಿಲ್ಲ. ಒಳಗಿನ ಬಿಸಿ ಮಿತಿ ಮೀರಿದಾಗ ತಾನಾಗಿ ಆಫ್ ಆಗುವ ವ್ಯವಸ್ಥೆ ಮೆಷಿನ್‌ನಲ್ಲಿ ಇರುತ್ತದೆ, ಅದು ತನ್ನ ಕೆಲಸ ಮಾಡಿತ್ತು.

ಆ ರಾತ್ರಿ ಮಗುವನ್ನು ನೋಡಲಿಕ್ಕೆ ಅಮೆರಿಕದಿಂದ ದೊಡ್ಡಮ್ಮನ ಮಗ ವಿಡಿಯೋ ಕಾಲ್ ಮಾಡಿದ್ದ. ವಿಷಯ ಹೇಳಿದೆ. ಅಣ್ಣ ಕೇಳಿದ ಮೊದಲ ಪ್ರಶ್ನೆಯೇ, "ವೆಂಟ್ ಕ್ಲೀನ್ ಮಾಡಿದ್ದುಂಟಾ?"

"ಜಾಲರಿ ದಿನಾ ತೆಗೆದು ಒರೆಸ್ತೇನಲ್ಲ?"

"ಜಾಲರಿ ಅಲ್ಲ ಮಾರಾಯ. ಅದರ ಹಿಂದಿನ ಪೈಪ್. ಹೊರಗಿನ ಬಾಯಿ ನೋಡಿದ್ದೀಯಾ?"

ಬೆಳಿಗ್ಗೆ ಕೊಡೆ ಹಿಡಿದು ಹಿಂದೆ ಹೋದೆ. ನಾನು ಕಟ್ಟಿದ್ದ ಸೊಳ್ಳೆ ಪರದೆ ಕಾಣುತ್ತಲೇ ಇರಲಿಲ್ಲ. ಅದರ ಮೇಲೆ ಬೂದು ಬಣ್ಣದ ಕಂಬಳಿಯೊಂದು ಬೆಳೆದಿತ್ತು. ಪೈಪ್ ಬಿಚ್ಚಿ ಕುಟ್ಟಿದರೆ ಒಂದು ತೆಂಗಿನಕಾಯಿಯಷ್ಟು ದೊಡ್ಡ ಜುಂಗಿನ ಉಂಡೆ ಹೊರಗೆ ಬಿತ್ತು. ಸೊಳ್ಳೆ ಒಳಗೆ ಬರದ ಹಾಗೆ ಕಟ್ಟಿದ್ದ ಪರದೆ, ಒಳಗಿನದ್ದು ಹೊರಗೆ ಹೋಗದ ಹಾಗೆ ಮಾಡಿತ್ತು.

ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಹೊಗೆ ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ಒಲೆ ಸರಿ ಉರಿಯುದುಂಟಾ ಮಗಾ? ಬಚ್ಚಲಿನ ಚಿಮಣಿಯ ಕರಿಯನ್ನು ಮಳೆಗಾಲಕ್ಕೆ ಮೊದಲು ತೆಗೆಸುದು ಮತ್ತೆ ಎಂತಕ್ಕೆ?"

ಅದು ಗಾಳಿಯ ಮೆಷಿನ್

ಡ್ರೈಯರ್ ಎಂದರೆ ಬಟ್ಟೆಯನ್ನು ಬಿಸಿ ಮಾಡುವ ಪೆಟ್ಟಿಗೆ ಎಂದು ನಾನು ತಿಳಿದಿದ್ದೆ. ನಿಜವಾಗಿ ಅದರ ಮುಖ್ಯ ಕೆಲಸ ಗಾಳಿ ಓಡಿಸುವುದು. ಕೋಣೆಯ ಗಾಳಿಯನ್ನು ಎಳೆದುಕೊಂಡು, ಬಿಸಿ ಮಾಡಿ, ತಿರುಗುವ ಬಟ್ಟೆಗಳ ನಡುವೆ ಹಾಯಿಸಿ, ನೀರಿನ ಆವಿಯ ಸಮೇತ ಪೈಪಿನಲ್ಲಿ ಹೊರಗೆ ತಳ್ಳುತ್ತದೆ. ವಾಷಿಂಗ್ ಮೆಷಿನ್‌ನಲ್ಲಿ ಚೆನ್ನಾಗಿ ಸ್ಪಿನ್ ಆದ ಮೇಲೂ ಐದು ಕಿಲೋ ಹತ್ತಿ ಬಟ್ಟೆಯಲ್ಲಿ ಎರಡು ಮೂರು ಲೀಟರ್ ನೀರು ಉಳಿದಿರುತ್ತದೆ. ಅಷ್ಟೂ ನೀರು ಆ ನಾಲ್ಕು ಇಂಚಿನ ಪೈಪಿನಲ್ಲೇ ಆಚೆ ಹೋಗಬೇಕು.

ಬಟ್ಟೆ ಉರುಳುವಾಗ ನೂಲಿನ ಸಣ್ಣ ಸಣ್ಣ ಎಳೆ ಉದುರುತ್ತವೆ. ಇದೇ ಜುಂಗು, ಲಿಂಟ್ ಅಂತ ಹೇಳುವುದು. ಬೈರಾಸು, ಮಗುವಿನ ಹತ್ತಿ ಬಟ್ಟೆ, ಹೊಸ ಬೆಡ್‌ಶೀಟ್‌ನಿಂದ ಬರುವ ಜುಂಗು ಹೆಚ್ಚು. ಮೆಷಿನ್‌ನ ಜಾಲರಿ ಬಹುಪಾಲು ಹಿಡಿದುಕೊಳ್ಳುತ್ತದೆ, ಆದರೆ ಎಲ್ಲವನ್ನೂ ಅಲ್ಲ. ತಪ್ಪಿಸಿಕೊಂಡದ್ದು ಪೈಪಿನ ಮಡಿಕೆಗಳಲ್ಲಿ ಕೂರುತ್ತದೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಹೊರಗಿನ ತಂಪಿಗೆ ಪೈಪಿನೊಳಗೆ ಆವಿ ನೀರಾಗುತ್ತದೆ, ಆ ನೀರಿಗೆ ಜುಂಗು ಸೇರಿ ದೋಸೆ ಹಿಟ್ಟಿನಂತೆ ಅಂಟಿಕೊಳ್ಳುತ್ತದೆ. ಪೈಪ್ ನಡುವೆ ಜೋತು ಬಿದ್ದಿದ್ದರಂತೂ ಅಲ್ಲಿ ಒಂದು ಕೆರೆಯೇ ಆಗುತ್ತದೆ.

ದಾರಿ ಕಟ್ಟಿದಾಗ ಒಂದರ ಹಿಂದೆ ಒಂದು ತೊಂದರೆ. ತೇವ ಒಳಗೇ ಉಳಿಯುವುದರಿಂದ ಬಟ್ಟೆ ಒಣಗುವುದಿಲ್ಲ. ಸೋರಿದ ಆವಿ ಕೋಣೆಗೆ ಬಂದು ಬೂಸ್ಟು. ಹೀಟರ್‌ನ ಬಿಸಿಯನ್ನು ಒಯ್ಯಲು ಗಾಳಿ ಸಾಲದೆ ಮೆಷಿನ್ ಅತಿಯಾಗಿ ಕಾಯುತ್ತದೆ. ಒಣಗಿದ ಜುಂಗು ಬೆಂಕಿ ಹಿಡಿಯಲು ಹತ್ತಿಯಷ್ಟೇ ಸುಲಭ. ರಬ್ಬರ್ ಶೀಟ್ ಒಣಗಿಸುವ ಸ್ಮೋಕ್‌ಹೌಸ್ ಇರುವ ನಮ್ಮ ಊರಿನವರಿಗೆ, ಒಣಗಿಸುವ ಜಾಗದಲ್ಲಿ ಬಿಸಿಯ ಮೇಲೆ ಕಣ್ಣಿಡದಿದ್ದರೆ ಏನಾಗುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ.

ಅಣ್ಣನ ಮೊದಲ ಪ್ರಶ್ನೆಯೇ ಅದಾಗಿದ್ದಕ್ಕೆ ಕಾರಣ ಉಂಟು. ಅಮೆರಿಕದಲ್ಲಿ ಮನೆಮನೆಯಲ್ಲೂ ಡ್ರೈಯರ್. ಅಲ್ಲಿನ ಸರಕಾರದ ಅಗ್ನಿಶಾಮಕ ಆಡಳಿತವಾದ ಯು.ಎಸ್. ಫೈರ್ ಅಡ್ಮಿನಿಸ್ಟ್ರೇಷನ್ 2008ರಿಂದ 2010ರವರೆಗಿನ ಮಾಹಿತಿ ಕಲೆಹಾಕಿ ಹೇಳಿದ ಲೆಕ್ಕದಲ್ಲಿ, ಮನೆಗಳ ಡ್ರೈಯರ್‌ನಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತ, 5 ಸಾವು, 100 ಮಂದಿಗೆ ಗಾಯ. ಕಾರಣಗಳಲ್ಲಿ ಮೊದಲ ಸ್ಥಾನ, ಶೇಕಡಾ 34, ಯಾವುದಕ್ಕೆ ಗೊತ್ತಾ? ಸ್ವಚ್ಛ ಮಾಡದೆ ಬಿಟ್ಟದ್ದಕ್ಕೆ. ಅಲ್ಲಿ ಇಂಥ ಬೆಂಕಿ ಹೆಚ್ಚುವುದು ಚಳಿಗಾಲದಲ್ಲಿ, ಜನವರಿಯಲ್ಲಿ ಅತಿ ಹೆಚ್ಚು. ಬಟ್ಟೆ ಹೊರಗೆ ಒಣಗದ ಕಾಲವೇ ಡ್ರೈಯರ್‌ಗೆ ದುಡಿಮೆಯ ಕಾಲ. ನಮಗೆ ಅದು ಮಳೆಗಾಲ.

ಬಿಲ್ಲಿನ ಮಾತೂ ಉಂಟು. 2,000 ವ್ಯಾಟ್‌ನ ಮೆಷಿನ್ ಪೂರ್ತಿ ಬಿಸಿಯಲ್ಲಿ ಓಡಿದರೆ ಗಂಟೆಗೆ 2 ಯೂನಿಟ್. ದಿನಕ್ಕೆ ಎರಡು ಸಲ, ಒಂದೊಂದು ಸಲವೂ ಒಂದು ಗಂಟೆ ಜಾಸ್ತಿ ಓಡಿದರೆ ತಿಂಗಳಿಗೆ ನೂರಕ್ಕೂ ಹೆಚ್ಚು ಯೂನಿಟ್ ಬರೀ ಜುಂಗಿನ ಲೆಕ್ಕಕ್ಕೆ ಹೋಗಬಹುದು. ಗೃಹಜ್ಯೋತಿಯ ಮನೆಯಾದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕೆಂಬುದು ನೆನಪಿರಲಿ.

ಈ ಸೂಚನೆ ಕಂಡರೆ ತಡ ಮಾಡಬೇಡಿ

• ಮೊದಲಿಗಿಂತ ಬಟ್ಟೆ ಒಣಗಲು ಹೆಚ್ಚು ಹೊತ್ತು ಬೇಕಾಗುವುದು. ಎಲ್ಲಕ್ಕಿಂತ ಮೊದಲು ಕಾಣುವುದು ಇದೇ.
• ಒಣಗಿ ಬಂದ ಬಟ್ಟೆ ಕೈಗೆ ವಿಪರೀತ ಬಿಸಿ, ಆದರೆ ಹೊಲಿಗೆಯ ಹತ್ತಿರ ಇನ್ನೂ ತೇವ.
• ಕೋಣೆಯಲ್ಲಿ ಸೆಕೆ, ಗಾಜಿನ ಮೇಲೆ ನೀರು, ಗೋಡೆಯಲ್ಲಿ ಬೂಸ್ಟು.
• ಹೊರಗಿನ ಬಾಯಿಗೆ ಕೈ ಹಿಡಿದರೆ ಗಾಳಿ ರಭಸವಾಗಿ ಬಾರದಿರುವುದು.
• ಸುಟ್ಟ ವಾಸನೆ, ಅಥವಾ ಮೆಷಿನ್ ನಡುವೆ ತಾನಾಗಿ ನಿಲ್ಲುವುದು. ಇದು ಕೊನೆಯ ಎಚ್ಚರಿಕೆ. ಸ್ವಚ್ಛ ಮಾಡಿದ ಮೇಲೂ ಹಾಗೆಯೇ ಆದರೆ ಮೆಕ್ಯಾನಿಕ್ ಬರುವವರೆಗೆ ಬಳಸಬೇಡಿ. ಬಿಸಿಗೆ ಆಫ್ ಆಗುವ ಆ ವ್ಯವಸ್ಥೆಯನ್ನು ತಪ್ಪಿಸಿ ಮೆಷಿನ್ ಓಡಿಸುವ ಐಡಿಯಾ ಯಾರು ಕೊಟ್ಟರೂ ಕೇಳಬೇಡಿ.

ಸ್ವಚ್ಛ ಮಾಡುವುದು ಹೇಗೆ?

ನನಗೆ ಈಗ ಇದು ಮುಕ್ಕಾಲು ಗಂಟೆಯ ಕೆಲಸ. ಒಂದು ಸ್ಕ್ರೂಡ್ರೈವರ್, ಉದ್ದ ಹಿಡಿಯ ಬ್ರಷ್, ಹಳೆ ಬಟ್ಟೆ, ಹಗ್ಗ ಇದ್ದರೆ ಸಾಕು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಸುಲಭ.

ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಮೆಷಿನ್ ಪೂರ್ತಿ ತಣ್ಣಗಾಗಲಿ.

ಜಾಲರಿಯನ್ನು ಪ್ರತಿ ಸಲ ಬಟ್ಟೆ ಒಣಗಿಸಿದ ಮೇಲೆ ಕೈಯಿಂದಲೇ ತೆಗೆದು ಒರೆಸಬೇಕು, ಅದು ನಿತ್ಯದ ಕೆಲಸ. ತಿಂಗಳಿಗೊಮ್ಮೆ ಅದರ ಮೇಲೆ ಸ್ವಲ್ಪ ನೀರು ಹೊಯ್ದು ನೋಡಿ. ನೀರು ಇಳಿಯದೆ ಮೇಲೆ ನಿಂತರೆ, ಬಟ್ಟೆ ಮೆದುವಾಗಲು ಹಾಕುವ ಕಂಡಿಷನರ್‌ನ ಜಿಡ್ಡು ಪದರ ಕಟ್ಟಿದೆ ಎಂದರ್ಥ. ಸೋಪು ನೀರಲ್ಲಿ ಮೆದು ಬ್ರಷ್ ಹಾಕಿ ತೊಳೆದು, ಚೆನ್ನಾಗಿ ಒಣಗಿಸಿಯೇ ವಾಪಸ್ ಹಾಕಿ. ಜಾಲರಿ ಕೂರುವ ಗೂಡಿನ ಒಳಗೂ ಜುಂಗು ಇರುತ್ತದೆ, ಅದನ್ನು ಬ್ರಷ್‌ನಿಂದ ಎಳೆದು ತೆಗೆಯಿರಿ.

ಆಮೇಲೆ ಮೆಷಿನನ್ನು ಮುಂದೆ ಸರಿಸಿ ಪೈಪಿನ ಕ್ಲಿಪ್ ಸಡಿಲಿಸಿ. ಪೈಪನ್ನು ಅಂಗಳಕ್ಕೆ ಒಯ್ದು ಕುಟ್ಟಿ. ಹಗ್ಗಕ್ಕೆ ಬಟ್ಟೆ ಕಟ್ಟಿ ಒಂದು ತುದಿಯಿಂದ ಇನ್ನೊಂದಕ್ಕೆ ಎರಡು ಮೂರು ಸಲ ಎಳೆಯಿರಿ. ತೊಳೆದರೆ ಪೂರ್ತಿ ಒಣಗಿಸಿ. ಹರಿದಿದ್ದರೆ, ಜಜ್ಜಿದ್ದರೆ ಹೊಸತು ಹಾಕುವುದೇ ಒಳ್ಳೆಯದು. ನನ್ನ ಮೆಷಿನ್ ಜೊತೆ ಬಂದದ್ದು ಸುರುಳಿಯ ಪ್ಲಾಸ್ಟಿಕ್ ಪೈಪ್. ನಾನು ಅದನ್ನು ಬದಲಿಸಿ ಗಟ್ಟಿ ಅಲ್ಯೂಮಿನಿಯಂ ಪೈಪ್ ಹಾಕಿಸಿದೆ. ಒಳಗೆ ಮಡಿಕೆ ಕಡಿಮೆ ಇದ್ದಷ್ಟು ಜುಂಗು ಕೂರುವುದು ಕಡಿಮೆ.

ಹೊರಗಿನ ಬಾಯಿಗೆ ಪರದೆ, ಜಾಲರಿ ಯಾವುದೂ ಬೇಡ. ಗಾಳಿ ಬಂದಾಗ ತೆರೆದು, ನಿಂತಾಗ ತಾನೇ ಮುಚ್ಚಿಕೊಳ್ಳುವ ರೆಕ್ಕೆಯಂಥ ಮುಚ್ಚಳ ಸಿಗುತ್ತದೆ, ಅದನ್ನು ಹಾಕಿಸಿ. ಹಲ್ಲಿಯೂ ಬರುವುದಿಲ್ಲ, ಜುಂಗೂ ನಿಲ್ಲುವುದಿಲ್ಲ.

ವಾಪಸ್ ಜೋಡಿಸುವಾಗ ಪೈಪ್ ಗೋಡೆಗೂ ಮೆಷಿನ್‌ಗೂ ನಡುವೆ ಜಜ್ಜಿಹೋಗದ ಹಾಗೆ ನೋಡಿಕೊಳ್ಳಿ. ಆದಷ್ಟು ಗಿಡ್ಡ, ಆದಷ್ಟು ನೇರ, ಹೊರಕ್ಕೆ ಸ್ವಲ್ಪ ಇಳಿಜಾರು. ಹತ್ತು ನಿಮಿಷ ಖಾಲಿ ಓಡಿಸಿ ಹೊರಗೆ ಕೈ ಹಿಡಿದು ನೋಡಿ. ಬೆಚ್ಚಗಿನ ಗಾಳಿ ರಪ್ಪನೆ ಬರಬೇಕು. ಅಂದು ನಾನು ಪೈಪ್ ಸ್ವಚ್ಛ ಮಾಡಿ, ಪರದೆ ಬಿಸಾಡಿ ಓಡಿಸಿದಾಗ ಅದೇ ಹಳೇ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಟ್ಟೆ ಒಣಗಿತು. ಅಲ್ಲಿವರೆಗೆ ಮಳೆಯನ್ನು ಸುಮ್ಮನೆ ಬೈದಿದ್ದೆ.

ನಿಮ್ಮ ಡ್ರೈಯರ್‌ಗೆ ಪೈಪೇ ಇಲ್ಲವೇ? ಹಾಗಾದರೆ ಅದು ಆವಿಯನ್ನು ಒಳಗೇ ನೀರು ಮಾಡುವ ಕಂಡೆನ್ಸರ್ ಅಥವಾ ಹೀಟ್ ಪಂಪ್ ಮಾದರಿ. ಅದರಲ್ಲೂ ಜುಂಗು ಇದ್ದೇ ಇರುತ್ತದೆ. ಜಾಲರಿಯ ಜೊತೆಗೆ ಕೆಳಗಿನ ಕಂಡೆನ್ಸರ್ ಭಾಗವನ್ನು ಕೈಪಿಡಿಯಲ್ಲಿ ಹೇಳಿದ ಹಾಗೆ ಸ್ವಚ್ಛ ಮಾಡಬೇಕು, ನೀರಿನ ಡಬ್ಬಿ ಖಾಲಿ ಮಾಡಬೇಕು. ಒಂದೇ ಮೆಷಿನ್‌ನಲ್ಲಿ ಒಗೆದು ಒಣಗಿಸುವ ವಾಷರ್ ಡ್ರೈಯರ್ ಆದರೆ ನೀರು ಹೋಗುವ ದಾರಿಯ ಫಿಲ್ಟರ್ ನೋಡಿ.

ಬೆಂಗಳೂರಿನ ಫ್ಲಾಟ್‌ನಲ್ಲಿರುವವರಿಗೆ ಒಂದು ಮಾತು. ಪೈಪಿನ ಬಾಯಿಯನ್ನು ಫಾಲ್ಸ್ ಸೀಲಿಂಗ್ ಒಳಗೆ, ಬಾತ್‌ರೂಮಿಗೆ ಅಥವಾ ಅಡುಗೆಮನೆಯ ಚಿಮಣಿ ಪೈಪಿಗೆ ಸೇರಿಸಬೇಡಿ. ಎರಡು ಮೂರು ಲೀಟರ್ ನೀರಿನ ಆವಿ ಮನೆಯೊಳಗೇ ಉಳಿಯುತ್ತದೆ. ಚಿಮಣಿಯ ಎಣ್ಣೆ ಜಿಡ್ಡಿಗೆ ಜುಂಗು ಸೇರಿದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಯಾವಾಗ ಮಾಡಬೇಕು?

ವರ್ಷಕ್ಕೊಮ್ಮೆಯಾದರೂ ಮಾಡಿ ಎಂಬುದು ವರ್ಷವಿಡೀ ಡ್ರೈಯರ್ ಬಳಸುವ ದೇಶಗಳಲ್ಲಿ ಹೇಳುವ ಮಾತು. ನಮ್ಮ ಬಳಕೆ ಹಾಗಲ್ಲ. ನಾಲ್ಕು ತಿಂಗಳು ಹಗಲು ರಾತ್ರಿ ದುಡಿತ, ಎಂಟು ತಿಂಗಳು ಮೂಲೆಯಲ್ಲಿ ನಿದ್ರೆ. ಹಾಗಾಗಿ ನಮ್ಮ ಮನೆಯ ಲೆಕ್ಕ ಹೀಗೆ.

• ಮೇ ಕೊನೆ, ಮೊದಲ ಮಳೆಗೆ ಮುಂಚೆ: ಪೂರ್ತಿ ಬಿಚ್ಚಿ ನೋಡುವುದು. ಇದನ್ನು ತಪ್ಪಿಸುವ ಹಾಗೇ ಇಲ್ಲ. ಈ ಮೇಯಲ್ಲಿ ಮುಚ್ಚಳ ಎತ್ತಿದರೆ, ಸ್ವಲ್ಪ ಸಂದು ಇದ್ದ ಕಡೆಯಿಂದ ನುಗ್ಗಿ ಕುಂಬಾರ ಹುಳ ಪೈಪಿನೊಳಗೆ ಮುಷ್ಟಿಯಷ್ಟು ಮಣ್ಣಿನ ಗೂಡು ಕಟ್ಟಿತ್ತು. ನೋಡದೆ ಸ್ವಿಚ್ ಹಾಕಿದ್ದರೆ ಕಳೆದ ವರ್ಷದ ಕತೆಯೇ. ಇಲಿ ವಯರ್ ಕಚ್ಚಿದೆಯಾ ಅಂತಲೂ ನೋಡಿ.
• ಮಳೆಗಾಲದಲ್ಲಿ ತಿಂಗಳಿಗೊಮ್ಮೆ: ಪೈಪ್ ಮತ್ತು ಹೊರಗಿನ ಬಾಯಿ. ಮನೆಯಲ್ಲಿ ಸಣ್ಣ ಮಗು ಇದ್ದು ದಿನಾ ಎರಡು ಸಲ ಓಡಿಸುವವರು ಹದಿನೈದು ದಿನಕ್ಕೊಮ್ಮೆ ಹೊರಗಿನ ಬಾಯಿ ನೋಡಿದರೆ ಒಳ್ಳೆಯದು.
• ನವರಾತ್ರಿ ಹೊತ್ತಿಗೆ, ಬಿಸಿಲು ಬಂದ ಮೇಲೆ: ಸ್ವಚ್ಛ ಮಾಡಿ, ಒಣಗಿಸಿ, ಪ್ಲಗ್ ಕಿತ್ತು ಇಡುವುದು. ತೇವದ ಜುಂಗನ್ನು ಎಂಟು ತಿಂಗಳು ಒಳಗೆ ಬಿಡಬಾರದು.

ಬಾಡಿಗೆ ಮನೆಗೆ ಹೊಸದಾಗಿ ಹೋದಾಗ, ಹಳೆಯ ಮೆಷಿನ್ ಕೊಂಡಾಗ ಸಹ ಮೊದಲ ಕೆಲಸ ಇದೇ.

ಕರೆಂಟ್ ಹೋದರೆ, ಎಣ್ಣೆ ಬಟ್ಟೆ ಇದ್ದರೆ

ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಹೊಸ ಸುದ್ದಿ ಅಲ್ಲ. ಡ್ರೈಯರ್ ತನ್ನ ಕೊನೆಯ ಕೆಲವು ನಿಮಿಷ ಬಿಸಿ ಇಲ್ಲದೆ ಬಟ್ಟೆ ತಿರುಗಿಸಿ ತಣ್ಣಗೆ ಮಾಡುತ್ತದೆ. ನಡುವೆ ಕರೆಂಟ್ ಹೋದರೆ ಆ ಬಿಸಿ ಬಟ್ಟೆಗಳು ಮುದ್ದೆಯಾಗಿ ಒಳಗೇ ಉಳಿಯುತ್ತವೆ. ಕೂಡಲೇ ಬಾಗಿಲು ತೆರೆದು ಬಟ್ಟೆ ತೆಗೆದು ಹರಡಿ. ಇದೇ ಕಾರಣಕ್ಕೆ ಡ್ರೈಯರ್ ಹಾಕಿ ಪೇಟೆಗೆ ಹೋಗುವುದಾಗಲಿ, ಮಲಗುವುದಾಗಲಿ ನಮ್ಮಲ್ಲಿ ಈಗ ಇಲ್ಲ.

ಬಾಣಂತಿ ಮನೆಯಲ್ಲಿ ಎಣ್ಣೆ ಹಚ್ಚುವುದು, ಮೀಯಿಸುವುದು ದಿನಾ ಇದ್ದದ್ದೇ. ಎಣ್ಣೆ ಹೀರಿದ ಬಟ್ಟೆ ಬಿಸಿಯಲ್ಲಿ ರಾಶಿಯಾಗಿ ಬಿದ್ದರೆ ತಾನಾಗಿ ಇನ್ನಷ್ಟು ಕಾಯಬಹುದು. ಡ್ರೈಯರ್‌ಗಳ ಕೈಪಿಡಿಯಲ್ಲೇ ಈ ಎಚ್ಚರಿಕೆ ಇರುತ್ತದೆ. ಎಣ್ಣೆಯ ಬಟ್ಟೆಯನ್ನು ಬಿಸಿನೀರಲ್ಲಿ ಹೆಚ್ಚು ಸೋಪು ಹಾಕಿ ಒಗೆದ ಮೇಲೆಯೇ ಒಣಗಿಸಿ, ಜಿಡ್ಡು ಉಳಿದಿದ್ದರೆ ಹೊರಗೇ ಹರಡಿ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ತಾಗಿದ ಬಟ್ಟೆಗೂ ಇದೇ ನಿಯಮ. ತೋಟದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ಹಿಡಿದವರ ಅಂಗಿ ನೆನಪಿರಲಿ. ಮೆಷಿನ್‌ಗೆ ಅರ್ಥಿಂಗ್ ಸರಿಯಿರುವ 16 ಆಂಪಿಯರ್ ಸಾಕೆಟ್ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ.

ಒಂದು ವೇಳೆ ಒಳಗೆ ಬೆಂಕಿ, ಹೊಗೆ ಕಂಡರೆ ಬಾಗಿಲು ತೆರೆಯಬೇಡಿ, ಗಾಳಿ ಸಿಕ್ಕರೆ ಬೆಂಕಿ ಜೋರಾಗುತ್ತದೆ. ಮೈನ್ ಸ್ವಿಚ್ ಆಫ್ ಮಾಡಿ, ಎಲ್ಲರೂ ಹೊರಗೆ ಬನ್ನಿ, 101 ಅಥವಾ 112ಕ್ಕೆ ಫೋನ್ ಮಾಡಿ. ಅಂದು ಸಂಜೆ ನಾನು ಯೋಚಿಸದೆ ಮೆಷಿನ್ ಬಾಗಿಲು ತೆರೆದು ಬಟ್ಟೆ ಎಳೆದೆ. ಒಳಗೆ ಬೆಂಕಿ ಇರಲಿಲ್ಲ, ಬಚಾವಾದೆ.

ಅಕ್ಕ ಮಗುವಿನೊಂದಿಗೆ ಗಂಡನ ಮನೆಗೆ ಹೋಗಿ ತಿಂಗಳುಗಳಾದವು. ಮೊನ್ನೆ ಮಳೆ ಶುರುವಾದಾಗ ಫೋನ್ ಮಾಡಿದವಳು ಕೇಳಿದ್ದು, "ಪೈಪ್ ತೆಗೆದು ನೋಡಿದ್ಯಾ?" ನೋಡಿದ್ದೆ. ಅಜ್ಜಿಯೂ ಬಚ್ಚಲಿನ ಚಿಮಣಿಯ ಕರಿ ತೆಗೆಸಿದ್ದರು, ಅದೇ ದಿನ, ನನ್ನ ಕೈಯಲ್ಲೇ. ಮುಖ, ತಲೆ ಎಲ್ಲ ಕಪ್ಪು ಮಾಡಿಕೊಂಡು ಇಳಿದಾಗ ಅಜ್ಜಿ ಅಂದರು, "ಈಗ ಎರಡು ಒಲೆಯೂ ಸರಿ ಆಯ್ತು."

ನಿಮ್ಮ ಮನೆಯಲ್ಲೂ ಡ್ರೈಯರ್ ಇದ್ದರೆ ಇವತ್ತೇ ಓಡಿಸುವಾಗ ಒಮ್ಮೆ ಹೊರಗೆ ಹೋಗಿ ಪೈಪಿನ ಬಾಯಿಗೆ ಕೈ ಹಿಡಿದು ನೋಡಿ. ಗಾಳಿ ಬಾರದಿದ್ದರೆ ಮೆಷಿನ್ ನಿಲ್ಲಿಸಿ, ಈ ಭಾನುವಾರ ಮುಕ್ಕಾಲು ಗಂಟೆ ಅದಕ್ಕೆ ಇಡಿ.